ಕಾಣದೂರಿನ ಕಸುಬಿನ ನಂಟರು

ಆಷಾಢದ ಮಳೆ ಹೆಂಚಿನ ಮಾಡಿನ ಮೇಲೆ ಹಗಲಿರುಳೆನ್ನದೆ ಸುರಿಯುತ್ತಿರುವ ದಿನಗಳಲ್ಲಿ ಮಲೆನಾಡಿನ ಒಂದು ತೋಟದ ಮನೆಯನ್ನು ಕಲ್ಪಿಸಿಕೊಳ್ಳಿ. ಬಾಳೆಗೊನೆಗಳು ಬಲಿತಿವೆ, ಪೇಟೆಯ ಮಂಡಿಯಲ್ಲಿ ಅವುಗಳನ್ನು ಕೇಳುವವರಿಲ್ಲ, ಮಾರಿದರೂ ಕೈಗೆ ಬರುವ ಹಣ ಸಾಗಾಟದ ಬಾಡಿಗೆಗೆ ಸಾಲದು. ಮನೆಯಾಕೆ ಕರೆ ಹತ್ತದಂತೆ ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು, ಕಾಯಿಗಳ ಸಿಪ್ಪೆ ತೆಗೆದು, ತೆಳ್ಳಗಿನ ಬಿಲ್ಲೆಗಳಾಗಿ ಹೆಚ್ಚಿ, ಒಲೆಯ ಮೇಲಣ ಅಟ್ಟದಲ್ಲಿ ಹರವಿದ್ದಾಳೆ. ಮರುದಿನ ನೋಡಿದರೆ ಬಿಲ್ಲೆಗಳೆಲ್ಲ ಕಪ್ಪಿಟ್ಟಿವೆ. ಆಕೆ ಆ ತಟ್ಟೆಯ ಚಿತ್ರವನ್ನು ಫೋನಿನಲ್ಲಿ ತೆಗೆದು, ಮುಖಪರಿಚಯವೂ ಇಲ್ಲದ ಒಂದೆರಡು ನೂರು ಮಂದಿಯಿರುವ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ, "ಹೀಗೇಕಾಯಿತು? ಬಲ್ಲವರು ಹೇಳಿ" ಎಂದು ಕೇಳುತ್ತಾಳೆ. ಸಂಜೆಯ ದೀಪ ಹಚ್ಚುವುದರೊಳಗೆ ಎರಡು ಜಿಲ್ಲೆಗಳಾಚೆಯಿಂದ ಉತ್ತರ ಬರುತ್ತದೆ: "ಹೆಚ್ಚಿದ ಕೂಡಲೇ ಉಪ್ಪು ಹಾಕಿದ ಗಂಜಿತಿಳಿಯಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ ಅಕ್ಕಾ, ಆಮೇಲೆ ಒಣಗಿಸಿ. ನನಗೂ ಮೊದಲ ಸಲ ಹೀಗೇ ಆಗಿತ್ತು."

ಉದ್ಯಮವೆಂಬ ದೊಡ್ಡ ಹೆಸರಿಗೆ ಇದು ಅತಿ ಅಲ್ಪವಾದ ಪ್ರಸಂಗವೆಂದು ತೋರಬಹುದು. ಆದರೆ ಅಂತರ್ಜಾಲದ ಸಂಪರ್ಕದಿಂದ ಸಣ್ಣ ಉದ್ಯಮಿಗೆ ಒದಗತಕ್ಕ ಪ್ರಯೋಜನವೇನೆಂಬ ಪ್ರಶ್ನೆಗೆ ಸಾಮಾನ್ಯವಾಗಿ ನಾವು ಕೊಡುವ ಉತ್ತರ, ಅಂದರೆ ಗಿರಾಕಿಗಳು ಹೆಚ್ಚುತ್ತಾರೆ ಎಂಬುದು, ಅರ್ಧಸತ್ಯವೇ ಸರಿ ಎಂಬುದನ್ನು ಈ ಪ್ರಸಂಗ ತೋರಿಸಿಕೊಡುತ್ತದೆ. ಕೊಳ್ಳುವವನು ಸಿಗುವುದಕ್ಕೆ ಬಹು ಮುಂಚೆಯೇ, ಅದೇ ಕಸುಬಿನಲ್ಲಿ ಅದೇ ತೊಡಕನ್ನು ಕಂಡು ದಾಟಿಬಂದ ಇನ್ನೊಬ್ಬರು ಸಿಗುತ್ತಾರೆ; ಆ ಲಾಭವೇ ಮೊದಲನೆಯದು, ನನ್ನ ಎಣಿಕೆಯಲ್ಲಿ ಅದೇ ದೊಡ್ಡದು.

ಒಂದು ಹುಡಿಯ ವೃತ್ತಾಂತ

ಮೇಲಿನ ದೃಶ್ಯ ಕಲ್ಪಿತ. ಅದರ ಹಿಂದಿನ ಸಂಗತಿ ನಡೆದದ್ದು. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯಿಂದಾಗಿ ಪೇಟೆಗಳು ಮುಚ್ಚಿ, ಮದುವೆ ಮುಂಜಿಗಳು ನಿಂತು, ಬಾಳೆಯ ಬೆಲೆ ನೆಲಕಚ್ಚಿತು. ಆಗ ‘ಎನಿ ಟೈಮ್ ವೆಜಿಟಬಲ್’ ಎಂಬ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಬಲಿತ ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡಿಟ್ಟುಕೊಂಡರೆ ಹೇಗೆಂಬ ಮಾತು ಹುಟ್ಟಿತು. ಕೇರಳದ ಕೃಷಿ ವಿಜ್ಞಾನ ಕೇಂದ್ರವೊಂದರ ತಜ್ಞರು ಆ ಗುಂಪಿನಲ್ಲಿಯೇ ಪಾಠ ಹೇಳಿದರು. ‘ಅಡಿಕೆ ಪತ್ರಿಕೆ’ಯ ಸಂಪಾದಕರಾಗಿ ದಶಕಗಳಿಂದ ರೈತರ ಅನುಭವಗಳನ್ನು ಬೆಳಕಿಗೆ ತಂದಿರುವ ಶ್ರೀಪಡ್ರೆಯವರು ಈ ಪ್ರಯತ್ನಕ್ಕೆ ಬೆನ್ನಾಗಿ ನಿಂತರು. ಬಾಳೆಕಾಯಿ ಹುಡಿ ಎಂಬುದು ಜನರ ಬಾಯಲ್ಲಿ ಚುಟುಕಾಗಿ ‘ಬಾಕಾಹು’ ಆಯಿತು.

ಅನಂತರ ನಡೆದದ್ದು ಗಮನಿಸತಕ್ಕ ವಿಷಯ. ಉತ್ತರ ಕನ್ನಡದಿಂದ ದಕ್ಷಿಣ ಕನ್ನಡದವರೆಗೆ, ಬಯಲುಸೀಮೆಯ ತುಮಕೂರಿನ ಕಡೆಗೂ, ಮನೆಮನೆಗಳಲ್ಲಿ ಗೃಹಿಣಿಯರು ಹುಡಿ ಮಾಡತೊಡಗಿದರು. ಮಾಡಿದ್ದನ್ನು ಗುಂಪಿನಲ್ಲಿ ತೋರಿಸತೊಡಗಿದರು. ಒಬ್ಬರು ದೋಸೆ ಹೊಯ್ದರೆ ಇನ್ನೊಬ್ಬರು ರೊಟ್ಟಿ ತಟ್ಟಿದರು, ಮತ್ತೊಬ್ಬರು ಮೈದಾಕ್ಕೆ ಬದಲಾಗಿ ಇದನ್ನೇ ಕಲಸಿ ಗುಲಾಬ್ ಜಾಮೂನು ಕರಿದು ಚಿತ್ರ ಕಳುಹಿಸಿದರು. 2021ರ ಜುಲೈ 25ರ ತಮ್ಮ ‘ಮನದ ಮಾತು’ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಯವರು ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಸ್ತ್ರೀಯರ ಈ ದೋಸೆ-ಜಾಮೂನುಗಳನ್ನು ದೇಶಕ್ಕೆಲ್ಲ ಹೇಳಿದರು. ಪತ್ರಿಕೆಗಳು ಬರೆದವು. ಅಡುಗೆಮನೆಯಲ್ಲಿ ಪ್ರಯೋಗವಾಗಿ ಆರಂಭವಾದದ್ದು ಕೆಲವರ ಪಾಲಿಗೆ ಲೇಬಲ್ ಹಚ್ಚಿದ ಪೌಚಿನಲ್ಲಿ ಮಾರುವ ಸರಕಾಯಿತು.

ಈ ಕ್ರಮವನ್ನು ಅವಧಾನದಿಂದ ನೋಡಬೇಕು. ಮೊದಲು ಬಂದದ್ದು ಕುಶಲತೆ: ಯಾವ ಹದಕ್ಕೆ ಬಲಿತ ಕಾಯಿಯನ್ನು ಕೊಯ್ಯಬೇಕು, ಬಿಲ್ಲೆ ಎಷ್ಟು ತೆಳುವಾಗಿರಬೇಕು, ಬೆರಳಿನಿಂದ ಮುರಿದಾಗ ಟಕ್ಕೆಂದು ತುಂಡಾಗುವವರೆಗೆ ಏಕೆ ಒಣಗಿಸಬೇಕು, ತೇವ ಉಳಿದರೆ ಹುಡಿ ಗಂಟುಗಟ್ಟಿ ಬೂಷ್ಟು ಹಿಡಿಯುವುದೆಂತು ಎಂಬಿವೇ ಮೊದಲಾದ ವಿವರಗಳು. ಅದರ ಬೆನ್ನಿಗೇ ಬಂದದ್ದು ಧೈರ್ಯ. ತನ್ನಂಥವಳೇ ಇನ್ನೊಬ್ಬಳು ಇದನ್ನು ಮಾಡಿದ್ದಾಳೆ ಎಂಬ ಕಣ್ಣೆದುರಿನ ಸಾಕ್ಷಿ. ಮೂರನೆಯದಾಗಿ ಬಳಕೆಯ ವಿಧಾನ, ಏಕೆಂದರೆ ಹೊಸ ಪದಾರ್ಥವನ್ನು ಏನು ಮಾಡಬೇಕೆಂದು ತಿಳಿಯದೆ ಯಾರೂ ಕೊಳ್ಳುವುದಿಲ್ಲ. ಗಿರಾಕಿ ಬಂದದ್ದು ಕಟ್ಟಕಡೆಗೆ. ಇದೆಲ್ಲವನ್ನೂ ಒಂದು ಸರ್ಕಾರಿ ಯೋಜನೆಯ ಮೂಲಕ ಮಾಡಬೇಕಾಗಿದ್ದರೆ ತರಬೇತಿಯ ದಿನ ಗೊತ್ತಾಗಿ, ಸುತ್ತೋಲೆ ಹೊರಟು, ಫಲಾನುಭವಿಗಳ ಪಟ್ಟಿ ಸಿದ್ಧವಾಗುವಷ್ಟರಲ್ಲಿ ಆ ವರ್ಷದ ಗೊನೆಗಳು ತೋಟದಲ್ಲಿಯೇ ಹಣ್ಣಾಗಿ ಕೊಳೆತುಹೋಗುತ್ತಿದ್ದವು.

ಆ ದಿನಗಳಲ್ಲಿ ವಾಟ್ಸ್‌ಆ್ಯಪ್‌ನ ಒಂದು ಗುಂಪಿಗೆ 256 ಮಂದಿಗಿಂತ ಹೆಚ್ಚಿನವರು ಸೇರುವಂತಿರಲಿಲ್ಲ. 2022ರಲ್ಲಿ ಆ ಮಿತಿ ಮೊದಲು 512ಕ್ಕೆ, ಬಳಿಕ 1024ಕ್ಕೆ ಏರಿತು. ಸಂಖ್ಯೆ ಹೆಚ್ಚಾದಷ್ಟೂ ಪ್ರಯೋಜನ ಹೆಚ್ಚೆಂದು ತೋರುವುದು ಸಹಜ. ಆದರೆ ಕೇಳಿದವರಿಗೆ ಹೇಳುವ ಸೌಜನ್ಯವೂ, ಹೇಳಿದವರ ಹೆಸರು ನೆನಪಿನಲ್ಲುಳಿಯುವ ಆತ್ಮೀಯತೆಯೂ ಸಣ್ಣ ಗುಂಪಿನಲ್ಲಿಯೇ ಸುಲಭಸಾಧ್ಯವೆಂದು ನನಗನ್ನಿಸುತ್ತದೆ.

ಐನೂರ್ವರ ಹಾದಿ

ವ್ಯಾಪಾರಿಗೆ ಬಳಗ ಬೇಕೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘವು ಸಾವಿರ ವರ್ಷಗಳ ಹಿಂದೆಯೇ ದಕ್ಷಿಣಾಪಥದ ಉದ್ದಗಲಕ್ಕೂ ಹಬ್ಬಿ ಕಡಲಾಚೆಗೂ ತಲಪಿತ್ತು. ಶಿಕಾರಿಪುರ ತಾಲೂಕಿನ 11ನೆಯ ಶತಮಾನದ ಶಾಸನವೊಂದು ಈ ವರ್ತಕರು ಸಂಚರಿಸಿದ ಚೇರ, ಚೋಳ, ಪಾಂಡ್ಯ, ಮಗಧ, ಕೋಸಲಾದಿ ದೇಶಗಳನ್ನೂ, ಅವರು ಸಾಗಿಸುತ್ತಿದ್ದ ಆನೆ ಕುದುರೆ, ಮುತ್ತು ಮಾಣಿಕ್ಯ, ಏಲಕ್ಕಿ ಲವಂಗ, ಗಂಧ ಕರ್ಪೂರ ಕಸ್ತೂರಿಗಳನ್ನೂ ವರ್ಣಿಸುತ್ತದೆ. ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ.

ಇಂತಹ ಸಂಘ ತನ್ನ ಸದಸ್ಯನಿಗೆ ಕೊಡುತ್ತಿದ್ದುದೇನು? ಯಾವ ಪಟ್ಟಣದಲ್ಲಿ ಯಾವ ಸರಕಿಗೆ ಬೆಲೆಯಿದೆ, ಯಾವ ದಾರಿ ಸುರಕ್ಷಿತ, ಯಾರ ಮಾತನ್ನು ನಂಬಿ ಸಾಲ ಕೊಡಬಹುದು ಎಂಬ ವಾರ್ತೆ. ಮತ್ತು ಪರದೇಶದಲ್ಲಿ ತಾನು ಇಂಥವರ ಕಡೆಯವನೆಂದು ಹೇಳಿಕೊಳ್ಳುವುದರಿಂದ ಲಭಿಸುವ ಗೌರವ. ರಾಜ್ಯಗಳು ಅಳಿದು ಸಂಘಗಳು ಚೆದುರಿದ ಮೇಲೂ ಈ ಕೆಲಸ ನಿಲ್ಲಲಿಲ್ಲ. ಕುಲಬಾಂಧವರು, ಮಂಡಿಯ ಸಾಲು, ಪೇಟೆಬೀದಿಯ ನೆರೆಹೊರೆಗಳು ಅದನ್ನು ಮುಂದುವರಿಸಿಕೊಂಡು ಬಂದವು. ವ್ಯಾಪಾರದ ಮನೆತನದಲ್ಲಿ ಹುಟ್ಟಿದ ಹುಡುಗ ಹತ್ತು ವರ್ಷ ತುಂಬುವುದರೊಳಗೆ ಅಂಗಡಿಯ ಗಾದಿಯ ಮೇಲೆ ಕುಳಿತು, ಯಾರು ಹಣ ತಡಮಾಡುತ್ತಾರೆ, ಯಾವ ಊರಿನ ಮಾಲು ಒಳ್ಳೆಯದು ಎಂಬುದನ್ನು ಮಾತಿನ ನಡುವೆಯೇ ಕಲಿತುಬಿಡುತ್ತಿದ್ದ.

ಆದರೆ ಗಾದಿಯಿಲ್ಲದ ಮನೆಯಲ್ಲಿ ಹುಟ್ಟಿದವರ ಪಾಡೇನು? ಕೂಲಿಯ ಮನೆಯಿಂದ ಬಂದು ಕಿರಿಯದೊಂದು ಹೊಲಿಗೆಯ ಘಟಕ ಹಾಕಬೇಕೆನ್ನುವ ತರುಣನಿಗೂ, ಸಂಡಿಗೆ ಹಪ್ಪಳಗಳಲ್ಲಿ ಎತ್ತಿದ ಕೈಯೆನಿಸಿಕೊಂಡರೂ ಪೇಟೆಯ ವರ್ತಕರೊಡನೆ ಮಾತನಾಡುವ ಸಂದರ್ಭವೇ ಇಲ್ಲದ ಹೆಂಗಸಿಗೂ ಆ ವಾರ್ತೆ ತಲಪುತ್ತಲೇ ಇರಲಿಲ್ಲ. ಬಂಡವಾಳವಿಲ್ಲದಿರುವುದು ಒಂದು ಬಡತನವಾದರೆ, ಕೇಳಲು ಯಾರೂ ಇಲ್ಲದಿರುವುದು ಇನ್ನೊಂದು ಬಡತನ. ಬ್ಯಾಂಕು ಮೊದಲನೆಯದನ್ನಷ್ಟೇ ತುಂಬಬಲ್ಲದು. ಈ ಎರಡನೆಯ ಕೊರತೆಯನ್ನು ಕಂಡುಕೊಂಡೇ 1983ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕದ ಮಹಿಳಾ ಉದ್ಯಮಿಗಳ ಸಂಘವಾದ ‘ಅವೇಕ್’ ಹುಟ್ಟಿತು. ಅಂಥ ಸಂಸ್ಥೆಗಳು ಮಾಡಿದ ಉಪಕಾರ ದೊಡ್ಡದು. ಆದರೂ ಸಭೆಗೆ ಬರಬೇಕಾದರೆ ಬೆಂಗಳೂರಿಗೆ ಬರಬೇಕಿತ್ತು. ಮನೆಯ ಕೆಲಸ ಮುಗಿಸಿ, ಮಕ್ಕಳನ್ನು ಯಾರದಾದರೂ ವಶಕ್ಕೆ ಕೊಟ್ಟು, ಬಸ್ಸು ಹತ್ತಬೇಕಿತ್ತು. ಆ ಅಂತರವನ್ನು ಅಂಗೈಯ ಫೋನು ಕಳೆದಿದೆ. ಐನೂರ್ವರ ಸಂಘಕ್ಕೆ ಹುಟ್ಟಿನಿಂದಲೂ ಹಣದಿಂದಲೂ ಸೇರಲಾರದಿದ್ದವರಿಗೆ ಈಗ ಒಂದು ಬಾಗಿಲು ತೆರೆದಿದೆ ಎಂಬುದನ್ನು ನಾನು ಈ ಕಾಲದ ಶುಭಸಂಗತಿಗಳಲ್ಲಿ ಒಂದೆಂದು ಭಾವಿಸುತ್ತೇನೆ.

ಅಲ್ಪಪರಿಚಯದ ಬಲ

ಇಲ್ಲಿ ಒಂದು ಸಂದೇಹ ಏಳಬಹುದು. ಆಪ್ತರಿಂದಲ್ಲವೇ ಸಹಾಯ ದೊರೆಯುವುದು. ಮುಖವನ್ನೇ ಕಾಣದ ಪರಿಚಿತರಿಂದ ಏನಾದೀತು?

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. ಬಾಸ್ಟನ್ ನಗರದ ಸಮೀಪದಲ್ಲಿ, ಪರಿಚಿತರ ಮೂಲಕ ಹೊಸ ಕೆಲಸ ಪಡೆದವರನ್ನು ಅವರು ವಿಚಾರಿಸಿದಾಗ, ಸುಳಿವು ಕೊಟ್ಟವರನ್ನು ತಾವು ಪದೇ ಪದೇ ಕಾಣುತ್ತಿದ್ದೆವೆಂದವರು ಶೇ 16.7ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದೆವೆಂದವರು ಶೇ 55.6, ಅಪರೂಪಕ್ಕೆ ಎಂದವರು ಶೇ 27.8. ಕಾರಣ ಸರಳವಾದದ್ದು. ನಮ್ಮ ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ, ಏಕೆಂದರೆ ನಾವೆಲ್ಲರೂ ಒಂದೇ ಬೀದಿಯಲ್ಲಿ, ಒಂದೇ ಮಾತುಕತೆಯಲ್ಲಿ ಬಾಳುವವರು. ಹೊಸ ವಾರ್ತೆ ಬರಬೇಕಾದರೆ ಬೇರೆ ಬಳಗದಲ್ಲಿ ಓಡಾಡುವವನಿಂದಲೇ ಬರಬೇಕು.

ಅರ್ಧ ಶತಮಾನದ ತರುವಾಯ ಈ ವಿಚಾರವನ್ನು ಅಂತರ್ಜಾಲದಲ್ಲಿಯೇ ಪರೀಕ್ಷಿಸಿ ನೋಡಲಾಯಿತು. 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್ ಜಾಲತಾಣದ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಪಪರಿಚಯವೇ ಹೊಸ ಉದ್ಯೋಗಕ್ಕೆ ಹೆಚ್ಚು ನೆರವಾಗುತ್ತದೆಂಬುದು ಅದರಲ್ಲಿಯೂ ಸ್ಥಿರಪಟ್ಟಿತು. ಆದರೆ ಪರಿಚಯ ತೀರಾ ತೆಳುವಾದರೆ ಆ ಬಲ ಕುಂದುತ್ತದೆಂಬ ವಿಶೇಷವೂ ಕಂಡುಬಂತು. ಈ ಎರಡು ಅಧ್ಯಯನಗಳೂ ಉದ್ಯೋಗ ಅರಸುವವರನ್ನು ಕುರಿತವು ನಿಜ. ಆದರೂ ಸಣ್ಣ ವ್ಯಾಪಾರಿಯ ಸ್ಥಿತಿಗೆ ಅವು ಹೊಂದಿಬರುತ್ತವೆಂಬುದರಲ್ಲಿ ನನಗೆ ಸಂಶಯವಿಲ್ಲ: ಇಳಕಲ್ಲಿನ ನೇಕಾರನಿಗೆ ಇಳಕಲ್ಲಿನವರೆಲ್ಲ ಗೊತ್ತು, ಮೈಸೂರಿನಲ್ಲಿ ಸೀರೆಯ ಅಂಗಡಿ ಇಟ್ಟವರೊಬ್ಬರ ಅರೆಪರಿಚಯ ಅವನಿಗೆ ತಿಳಿಸಬಲ್ಲ ಸಂಗತಿಯನ್ನು ಪಕ್ಕದ ಮಗ್ಗದವನು ತಿಳಿಸಲಾರ.

ಕಡಲಮೇಲಿನ ಕರೆ

ವಾರ್ತೆಯೊಂದು ಸಕಾಲದಲ್ಲಿ ತಲಪಿದರೆ ಕಿರುವ್ಯಾಪಾರಿಯ ಬಾಳು ಎಷ್ಟರಮಟ್ಟಿಗೆ ಬದಲಾಗಬಲ್ಲುದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿಯಿದೆ. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡು ಜಿಲ್ಲೆಗಳ ಬೂತಾಯಿ ಮೀನುಗಾರರನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಹಲವು ವರ್ಷ ಅಭ್ಯಸಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ತೀರಕ್ಕೆ ಮೊಬೈಲ್ ಸೇವೆ ಹಂತಹಂತವಾಗಿ ಬಂತು: 1997ರಲ್ಲಿ ಕೋಯಿಕ್ಕೋಡಿಗೆ, 1998ರಲ್ಲಿ ಕಣ್ಣೂರಿಗೆ, 2000ದಲ್ಲಿ ಕಾಸರಗೋಡಿಗೆ.

ಫೋನಿಲ್ಲದ ಕಾಲದಲ್ಲಿ ದೋಣಿ ತನ್ನ ಊರಿನ ದಕ್ಕೆಗೇ ಬರುತ್ತಿತ್ತು. ಅಲ್ಲಿ ಕೊಳ್ಳುವವರಿಲ್ಲದಿದ್ದರೆ ಮೀನು ಕಡಲಿಗೆ. 1997ರ ಜನವರಿಯ ಒಂದು ಮುಂಜಾನೆ ವಡಗರದ ತೀರದಲ್ಲಿ 11 ಮಂದಿ ಮೀನುಗಾರರು ಗಿರಾಕಿಯಿಲ್ಲದೆ ನಿಂತಿದ್ದಾಗ, 15 ಕಿಲೊಮೀಟರಿನೊಳಗಣ ಬೇರೆ ತೀರಗಳಲ್ಲಿ 27 ಮಂದಿ ಕೊಳ್ಳುವವರು ಮೀನಿಲ್ಲದೆ ಬರಿಗೈಯಲ್ಲಿ ಹಿಂತಿರುಗುವುದರಲ್ಲಿದ್ದರು. ಎರಡೂ ಕಡೆಯವರಿಗೆ ಪರಸ್ಪರರ ಸುದ್ದಿ ತಿಳಿಯದಿದ್ದುದೊಂದೇ ಅಡ್ಡಿ. ದಡ ಸೇರುವ ಮುನ್ನವೇ ಫೋನಿನಲ್ಲಿ ವಿಚಾರಿಸುವುದು ರೂಢಿಗೆ ಬಂದ ಮೇಲೆ ಊರೂರಿನ ಬೆಲೆಗಳು ಬಹುತೇಕ ಸಮವಾದವು. ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು. ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು. ಇಬ್ಬರಿಗೂ ಹಿತವಾದದ್ದೇ ಇದರ ಸೊಗಸು. ಅದು ಬರಿಯ ಮಾತಿನ ಫೋನಿನ ಕಾಲ. ಚಿತ್ರವನ್ನೂ ದನಿಯನ್ನೂ ಹಣವನ್ನೂ ಒಟ್ಟಿಗೆ ಸಾಗಿಸುವ ಇಂದಿನ ಸಾಧನಕ್ಕೆ ಅದಕ್ಕಿಂತ ಎಷ್ಟೋ ಮಿಗಿಲಾದ ಶಕ್ತಿಯಿದೆ.

ಒಂಟಿತನದ ಔಷಧ

ದೊಡ್ಡ ಕಂಪನಿಯೊಂದಕ್ಕೆ ಖರೀದಿಗೆ ಒಂದು ವಿಭಾಗ, ಕಾನೂನಿಗೆ ಒಂದು, ಲೆಕ್ಕಪತ್ರಕ್ಕೆ ಒಂದು, ಪ್ರಚಾರಕ್ಕೆ ಮತ್ತೊಂದು. ಸಣ್ಣ ಉದ್ಯಮಿಗೆ ಇವೆಲ್ಲವೂ ತಾನೊಬ್ಬನೇ. ಬೆಳಿಗ್ಗೆ ಅವನು ಕಾರ್ಮಿಕ, ಮಧ್ಯಾಹ್ನ ಮಾರಾಟಗಾರ, ರಾತ್ರಿ ಗುಮಾಸ್ತ. ಸಂದೇಹ ಬಂದರೆ ಕೇಳಲು ಮನೆಯವರಿಗೆ ಆ ವಿಷಯ ತಿಳಿಯದು. ಪಕ್ಕದ ಅಂಗಡಿಯವನು ಪ್ರತಿಸ್ಪರ್ಧಿ. ಬೇರೆ ಊರಿನ ಸಹೋದ್ಯೋಗಿಗೆ ಆ ಸ್ಪರ್ಧೆಯ ಭಯವಿಲ್ಲ. ಆದುದರಿಂದಲೇ ಹೊನ್ನಾವರದ ಉಪ್ಪಿನಕಾಯಿಯವಳು ಚಿಕ್ಕಮಗಳೂರಿನ ಉಪ್ಪಿನಕಾಯಿಯವಳಿಗೆ, ಸ್ವಂತ ಊರಿನವಳಿಗೆ ಹೇಳದ ಗುಟ್ಟನ್ನು ಹೇಳಿಯಾಳು.

ಆ ಮಾತುಕತೆಗಳ ಸ್ವರೂಪ ಬಹು ವ್ಯಾವಹಾರಿಕವಾದದ್ದು. ಗಾಜಿನ ಬಾಟಲಿ ಕೊರಿಯರಿನಲ್ಲಿ ಒಡೆಯದಂತೆ ಹೇಗೆ ಕಟ್ಟಬೇಕು. ಎಣ್ಣೆ ಜಿನುಗದ ಪೌಚು ಎಲ್ಲಿ ದೊರೆಯುತ್ತದೆ. ಆಹಾರ ಸುರಕ್ಷತಾ ನೋಂದಣಿಗೆ ಯಾವ ಕಾಗದಪತ್ರ ಬೇಕು. ಲೇಬಲಿನ ಮೇಲೆ ತಯಾರಾದ ದಿನಾಂಕ, ತೂಕ, ಪದಾರ್ಥಗಳ ಪಟ್ಟಿ ಎಲ್ಲಿರಬೇಕು. ಕೇಂದ್ರ ಸರ್ಕಾರ 2020ರ ಜುಲೈ 1ರಂದು ಆರಂಭಿಸಿದ ‘ಉದ್ಯಮ್’ ನೋಂದಣಿಗೆ ಶುಲ್ಕವೇ ಇಲ್ಲ. ಆದರೂ ಸರ್ಕಾರದ್ದೇ ಎಂಬಂತೆ ತೋರುವ ಖಾಸಗಿ ಜಾಲತಾಣಗಳಲ್ಲಿ ಹಣ ಕಟ್ಟಿದವರಿದ್ದಾರೆ. ಗುಂಪಿನಲ್ಲಿ ಬಲ್ಲವರೊಬ್ಬರು ಹೇಳುವ ಒಂದು ಸಾಲು ಈ ನಷ್ಟವನ್ನು ತಪ್ಪಿಸುತ್ತದೆ.

ಬಾಕಿ ವಸೂಲಿಯದು ಇನ್ನೂ ಗಂಭೀರವಾದ ವಿಷಯ. ದೊಡ್ಡವರಿಗೆ ಮಾಲು ಕೊಟ್ಟು ಹಣಕ್ಕಾಗಿ ತಿಂಗಳುಗಟ್ಟಲೆ ಅಲೆಯುವುದು ಸಣ್ಣ ತಯಾರಕರ ಹಳೆಯ ಸಂಕಟ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನಗಳೊಳಗೆ ಕೊಡಬೇಕು. ತಪ್ಪಿದರೆ ಬಡ್ಡಿ ಸಲ್ಲುತ್ತದೆ. ದೂರು ಕೊಡಲು 2017ರಲ್ಲಿ ‘ಸಮಾಧಾನ್’ ಎಂಬ ಸರ್ಕಾರಿ ತಾಣ ಆರಂಭವಾಯಿತು. ಕಾಯಿದೆ ಪುಸ್ತಕದಲ್ಲಿರುವುದು ಬೇರೆ, ಅದು ತನಗೂ ಅನ್ವಯಿಸುತ್ತದೆಂದು ಒಬ್ಬ ಲೇತು ಯಂತ್ರದ ಮಾಲೀಕನಿಗೆ ಮನದಟ್ಟಾಗುವುದು ಬೇರೆ. ತನ್ನಂಥವನೊಬ್ಬ ದೂರು ಕೊಟ್ಟು ಹಣ ಪಡೆದನೆಂದು ಕೇಳಿದಾಗ ಮಾತ್ರ ಆ ಮನದಟ್ಟು ಹುಟ್ಟುತ್ತದೆ.

ಇವೆಲ್ಲಕ್ಕಿಂತ ನನಗೆ ಮೆಚ್ಚಿಕೆಯಾಗಿ ತೋರುವುದು ಆರ್ಡರು ಹಂಚಿಕೊಳ್ಳುವ ಪದ್ಧತಿ. ಮನೆಯಲ್ಲಿ ಹಪ್ಪಳ ಮಾಡುವವಳಿಗೆ ಒಂದು ಮದುವೆಯವರಿಂದ ತನ್ನ ಕೈಲಾಗದಷ್ಟು ದೊಡ್ಡ ಬೇಡಿಕೆ ಬಂತೆನ್ನಿ. ಹಿಂದಾಗಿದ್ದರೆ "ಆಗುವುದಿಲ್ಲ" ಎಂದು ಹೇಳಿ ಗಿರಾಕಿಯನ್ನು ಕಳೆದುಕೊಳ್ಳಬೇಕಿತ್ತು. ಈಗ ಅದೇ ಹದದಲ್ಲಿ ಮಾಡುವ ಮೂವರು ಗೊತ್ತು. ಉದ್ದಿನ ಹಿಟ್ಟಿನ ಪ್ರಮಾಣ ಇಷ್ಟು, ಹಪ್ಪಳದ ಅಗಲ ಇಷ್ಟು ಎಂದು ಮೊದಲೇ ಗೊತ್ತುಮಾಡಿಕೊಂಡು ನಾಲ್ವರೂ ಸೇರಿ ಪೂರೈಸುತ್ತಾರೆ. ಮುಂದಿನ ಸಲ ಇನ್ನೊಬ್ಬಳಿಗೆ ಬಂದ ಬೇಡಿಕೆಯಲ್ಲಿ ಇವಳಿಗೆ ಪಾಲು. 2016ರಿಂದ ಬಳಕೆಗೆ ಬಂದ ಯುಪಿಐ ಪಾವತಿಯಿಂದಾಗಿ ಹಣ ಹಂಚಿಕೊಳ್ಳುವುದು ಕ್ಷಣದ ಕೆಲಸ. ಸಹಕಾರ ಸಂಘದ ತತ್ತ್ವವೇ ಇದು, ನೋಂದಣಿಯಾಗಲಿ ಠರಾವುಗಳಾಗಲಿ ಇಲ್ಲದೆ ಅಡುಗೆಮನೆಯಿಂದ ಅಡುಗೆಮನೆಗೆ ಹಬ್ಬಿಕೊಂಡದ್ದು.

ಗುಂಪಿನ ಮರ್ಯಾದೆ

ಎಲ್ಲ ಗುಂಪುಗಳೂ ಹೀಗೆ ಫಲಿಸುವುದಿಲ್ಲ. ಬಹುಪಾಲು ಗುಂಪುಗಳು ಮುಂಜಾನೆಯ ಶುಭಾಶಯಗಳಲ್ಲಿಯೂ, ಯಾರೋ ಕಳುಹಿಸಿದ್ದನ್ನು ಮತ್ತಾರಿಗೋ ಸಾಗಿಸುವುದರಲ್ಲಿಯೂ ಸೊರಗಿಹೋಗುತ್ತವೆ. ಬಾಳಿಕೆ ಬರುವ ಗುಂಪಿಗೆ ಒಂದು ನಿಶ್ಚಿತ ವಿಷಯ ಇರುತ್ತದೆ. ವಿಷಯ ಬಿಟ್ಟು ಹೊರಟವರನ್ನು ಮೃದುವಾಗಿ, ಆದರೆ ತಪ್ಪದೆ ತಡೆಯುವ ಅಡ್ಮಿನ್ ಒಬ್ಬರಿರುತ್ತಾರೆ. ಆ ಅಡ್ಮಿನ್ನರದು ಸಂಬಳವಿಲ್ಲದ, ಹೊಗಳಿಕೆಯೂ ವಿರಳವಾದ ಕೆಲಸ. ಮೇಳದ ಭಾಗವತರು ತಾಳ ತಪ್ಪಗೊಡದೆ ಪ್ರಸಂಗವನ್ನು ನಡೆಸುವಂತೆ ಅವರು ನೂರಾರು ಮಂದಿಯ ಮಾತನ್ನು ಹದ್ದಿನಲ್ಲಿಟ್ಟು ನಡೆಸಬೇಕಾಗುತ್ತದೆ.

ಸೇರುವವರಿಗೂ ಒಂದು ಧರ್ಮವಿದೆ. ಬಂದ ದಿನವೇ ತನ್ನ ಸರಕಿನ ಚಿತ್ರವನ್ನೂ ರೇಟನ್ನೂ ಹಾಕಿ "ಬೇಕಾದವರು ಸಂಪರ್ಕಿಸಿ" ಎನ್ನುವವನನ್ನು ಯಾರೂ ನೆನಪಿಡುವುದಿಲ್ಲ. ಕೆಲವು ಕಾಲ ಕೇಳಿಸಿಕೊಂಡು, ತನಗೆ ಗೊತ್ತಿರುವಲ್ಲಿ ಇನ್ನೊಬ್ಬರ ಪ್ರಶ್ನೆಗೆ ಉತ್ತರ ಕೊಟ್ಟು, ತನ್ನ ಸೋಲನ್ನೂ ಮುಚ್ಚಿಡದೆ ಹೇಳಿಕೊಂಡವನ ಹೆಸರು ಬೇಡಿಕೆ ಬಂದಾಗ ತಾನಾಗಿ ಇನ್ನೊಬ್ಬರ ಬಾಯಲ್ಲಿ ಬರುತ್ತದೆ. ಸರಕಿನ ಗುಣ ಎಷ್ಟು ಮುಖ್ಯವೋ ಅಷ್ಟೇ ಮುಖ್ಯ ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸುವುದು: ಬೆಲೆ ಕೇಳಿದವರಿಗೆ "ಇನ್‌ಬಾಕ್ಸ್ ನೋಡಿ" ಎನ್ನುವ ಅಭ್ಯಾಸ ಅಪನಂಬಿಕೆಯನ್ನು ಬೆಳೆಸುತ್ತದೆಯೇ ವಿನಾ ವ್ಯಾಪಾರವನ್ನಲ್ಲ.

ಎಚ್ಚರದ ಮಾತು

ಅಪಾಯಗಳನ್ನು ಹೇಳದಿದ್ದರೆ ಅನ್ಯಾಯವಾದೀತು. ಮೊದಲನೆಯದು ವಂಚನೆ. ದೊಡ್ಡ ಆರ್ಡರು ಕೊಡುವವನಂತೆ ನಟಿಸಿ, "ಮುಂಗಡ ಕಳುಹಿಸುತ್ತೇನೆ, ಈ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎನ್ನುವವನ ಬಲೆಗೆ ಬಿದ್ದ ಸಣ್ಣ ವ್ಯಾಪಾರಿಗಳು ಅನೇಕರು. ಹಣ ಪಡೆಯುವುದಕ್ಕೆ ಪಿನ್ ಹಾಕಬೇಕಾದ್ದೇ ಇಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮೋಸ ಹೋದದ್ದು ತಿಳಿದ ಕೂಡಲೇ, ನಾಚಿಕೆಪಡದೆ, 1930 ಎಂಬ ಸಹಾಯವಾಣಿಗೆ ಕರೆಮಾಡಬೇಕು. ತಡಮಾಡಿದಷ್ಟೂ ಹಣ ಕೈತಪ್ಪುತ್ತದೆ.

ಎರಡನೆಯದು ಪರಾವಲಂಬನೆ. ಈ ಜಾಲತಾಣಗಳು ನಮ್ಮವಲ್ಲ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಅನ್ನು ನಿಷೇಧಿಸಿದಾಗ, ಅದರಲ್ಲಿಯೇ ಗಿರಾಕಿಗಳನ್ನು ಕಂಡುಕೊಂಡಿದ್ದವರು ರಾತ್ರಿ ಕಳೆಯುವುದರೊಳಗೆ ಅವರನ್ನು ಕಳೆದುಕೊಂಡರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆಗಳ ಕಾಲ ಸ್ತಬ್ಧವಾದವು. ಗಿರಾಕಿಗಳ ಮತ್ತು ಸಹೋದ್ಯೋಗಿಗಳ ಹೆಸರು, ಊರು, ಫೋನ್ ಸಂಖ್ಯೆಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಹಳೆಯ ಪದ್ಧತಿಗೆ ಇಂದಿಗೂ ಬೆಲೆಯಿದೆ.

ನಕಲಿನ ಭಯವನ್ನು ಹಲವರು ಹೇಳುತ್ತಾರೆ. ತೋರಿಸಿದ ವಿನ್ಯಾಸವನ್ನು ಮರುವಾರವೇ ಮತ್ತೊಬ್ಬ ಮಾಡಿ ಮಾರುವುದುಂಟು. ಚನ್ನಪಟ್ಟಣದ ಬೊಂಬೆಯವರಿಗೂ ಇಳಕಲ್ಲಿನ ಸೀರೆಯವರಿಗೂ ಭೌಗೋಳಿಕ ಸೂಚಕದ ರಕ್ಷಣೆಯಿರುವಂತೆ ಮನೆಯ ಉಪ್ಪಿನಕಾಯಿಗೆ ಇಲ್ಲ. ಆದರೂ ಬಚ್ಚಿಟ್ಟದ್ದರಿಂದ ಉಳಿದ ಕಸುಬಿಗಿಂತ ಹಂಚಿಕೊಂಡದ್ದರಿಂದ ಬೆಳೆದ ಕಸುಬುಗಳೇ ಹೆಚ್ಚೆಂದು ನನ್ನ ನಂಬಿಕೆ. ಬಾಕಾಹುವಿನ ವಿಧಾನವನ್ನು ಯಾರಾದರೂ ಬಚ್ಚಿಟ್ಟಿದ್ದರೆ ಆ ಹೆಸರೇ ಇಂದು ನಮಗೆ ಗೊತ್ತಿರುತ್ತಿರಲಿಲ್ಲ.

ಕಳೆದುಹೋಗುವ ಜ್ಞಾನ

ಈ ವ್ಯವಸ್ಥೆಯಲ್ಲಿ ನನ್ನನ್ನು ಹೆಚ್ಚಾಗಿ ಕಾಡುವ ನ್ಯೂನತೆ ಬೇರೆಯೇ ಒಂದಿದೆ. ಗುಂಪಿನಲ್ಲಿ ಇಂದು ಬಂದ ಅಮೂಲ್ಯವಾದ ಉತ್ತರ ನಾಳಿನ ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಆರು ತಿಂಗಳ ಬಳಿಕ ಸೇರಿದವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾಳೆ. ಮೊದಮೊದಲು ಪ್ರೀತಿಯಿಂದ ಹೇಳಿದವರು ಹತ್ತನೆಯ ಸಲ ಬೇಸತ್ತು ಸುಮ್ಮನಾಗುತ್ತಾರೆ. ಫೋನು ಕೆಟ್ಟರೆ, ಕಳೆದರೆ, ಗುಂಪು ಮುಚ್ಚಿದರೆ, ನೂರಾರು ಮಂದಿಯ ಕೈಯನುಭವ ಒಮ್ಮೆಗೇ ಇಲ್ಲವಾಗುತ್ತದೆ.

1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು, ಅವರ ಅನುಭವವನ್ನು ಅವರದೇ ಮಾತಿನಲ್ಲಿ ಅಚ್ಚಿಗೆ ತಂದಿತು. ಆದ್ದರಿಂದಲೇ ಮೂವತ್ತು ವರ್ಷಗಳ ಹಿಂದಣ ಪ್ರಯೋಗವೊಂದನ್ನು ಇಂದಿಗೂ ತೆಗೆದು ಓದಬಹುದು. ನಮ್ಮ ಸಣ್ಣ ಉದ್ಯಮಿಗಳ ಗುಂಪುಗಳಿಗೂ ಅಂಥ ಲೇಖನಿಯೊಂದು ಬೇಕಾಗಿದೆ. ಜಿಲ್ಲಾ ಕೈಗಾರಿಕಾ ಕೇಂದ್ರಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಮನಸ್ಸು ಮಾಡಿದರೆ, ಒಂದೊಂದು ಗುಂಪಿನ ಒಂದು ವರ್ಷದ ಪ್ರಶ್ನೋತ್ತರಗಳನ್ನು, ಹೇಳಿದವರ ಒಪ್ಪಿಗೆ ಪಡೆದು, ವಿಷಯವಾರು ಜೋಡಿಸಿ, ತಪ್ಪುಗಳನ್ನು ತಿದ್ದಿ, ಕನ್ನಡದಲ್ಲಿ ಕಿರುಹೊತ್ತಗೆಯಾಗಿ ತರುವುದು ದೊಡ್ಡ ವೆಚ್ಚದ ಕೆಲಸವಲ್ಲ. ಮೊದಲಿಗೆ ಮಳೆಗಾಲದಲ್ಲಿ ಒಣಗಿಸುವುದು ಹೇಗೆಂಬ ಒಂದೇ ವಿಷಯವನ್ನು ಎತ್ತಿಕೊಂಡರೂ ಸಾಕು: ಬಾಳೆಕಾಯಿ, ಹಲಸಿನ ತೊಳೆ, ಅರಿಸಿನ, ಕೋಕಂ ಸಿಪ್ಪೆ, ಶುಂಠಿ ಇವುಗಳಿಗೆ ಯಾವ ಡ್ರೈಯರು, ಎಷ್ಟು ಶಾಖ, ಎಷ್ಟು ಹೊತ್ತು, ಎಷ್ಟು ವಿದ್ಯುತ್ತು, ಎಲ್ಲಿ ಯಾರು ಏನು ಮಾಡಿ ಕೆಡಿಸಿಕೊಂಡರು, ಹೇಗೆ ಸರಿಪಡಿಸಿಕೊಂಡರು. ಉತ್ತರಗಳೆಲ್ಲ ಈಗಾಗಲೇ ಬರೆಯಲ್ಪಟ್ಟಿವೆ. ನೂರಾರು ಫೋನುಗಳಲ್ಲಿ ಚೆದುರಿ ಬಿದ್ದಿರುವ ಅವನ್ನು ಆರಿಸಿ ಒಟ್ಟುಗೂಡಿಸುವವರು ಮುಂದೆ ಬರಬೇಕಾಗಿದೆ.